ಒಲೆ ಆರಿಸಲು ಅಪ್ಪಣೆ

ಕಾಗವಾಡ
12 ಫೆಬ್ರುವರಿ 1994, ಶನಿವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರ ಪಾದಗಳಿಗೆ, ಕೂಸಿನ ಪುಟ್ಟ ಕೈಗಳನ್ನೂ ಸೇರಿಸಿ, ನನ್ನ ನಮಸ್ಕಾರ.

ನಿಮ್ಮ ಮೊಣಕಾಲು ನೋವು ಹೇಗಿದೆ? ಅಥಣಿಯ ಆ ಮಗಳ ಮನೆಯ ಮೆಟ್ಟಿಲುಗಳು ಎತ್ತರ, ಬಾಣಂತಿಯ ನೀರಿನ ಕೊಡವನ್ನು ನೀವೇ ಹೊರಬೇಡಿ. ಸಾವಕ್ಕನಿಗೆ ಹಾಲು ಸಾಕಾಗುತ್ತಿದೆಯೇ? ಸಾವಕ್ಕ, ನನ್ನ ಕಾಗದಗಳನ್ನು ಓದಿ ಹೇಳುವಾಗ ನೀನು ನಕ್ಕು ಅರ್ಧ ಬಿಡುತ್ತೀಯಂತೆ; ಈ ಸಲ ಒಂದು ಸಾಲೂ ಬಿಡಬೇಡ, ತಾಯಿ. ನಮ್ಮ ಕೂಸು ಈಗ ಅಂಬೆಗಾಲಿಡುತ್ತಾಳೆ. ಹಲ್ಲು ಬರುವ ಸಂಕಟಕ್ಕೆ ಅವಳು ನಿದ್ದೆ ಮಾಡುವುದಿಲ್ಲ. ಅವಳು ಮಲಗಿದರೆ ಉಸಿರಾಟ ಕೇಳುತ್ತ ನಾನು ಎಚ್ಚರವಿರುತ್ತೇನೆ. ಇದಕ್ಕೆ ನಗಬೇಡಿ.

ನಮ್ಮ ಖಾನಾವಳಿಗೆ ಗ್ಯಾಸು ಬಂತು. ಮಿರಜದಿಂದ ದಾದಾಸಾಬ ಎಂಬ ಫಿಟರ್ ಬಂದಿದ್ದಾರೆ. ಮಾತು ಜಾಸ್ತಿ, ಕೆಲಸವೂ ಜಾಸ್ತಿ. ಗ್ಯಾಸಿನ ದೊಡ್ಡ ಭಟ್ಟಿಗಳೆರಡನ್ನೂ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ್ದಾರೆ. ಇನ್ನು ಮುಂದೆ ನೀವು ನಿಂತೇ ಅಡುಗೆ ಮಾಡಬೇಕು, ಅಥವಾ ಎತ್ತರದ ಸ್ಟೂಲು ಹಾಕಿಸೋಣ. ಸಿಲಿಂಡರುಗಳು ಹಿತ್ತಲ ಗೋಡೆಯಾಚೆ ಕಬ್ಬಿಣದ ಪಂಜರದಲ್ಲಿ ನೆಟ್ಟಗೆ ನಿಂತಿವೆ, ಅಲ್ಲಿಂದ ಪೈಪು ಗೋಡೆ ತೂರಿ ಒಳಗೆ ಬರುತ್ತದೆ. ಎಲ್ಲವನ್ನೂ ಒಮ್ಮೆಗೇ ಬಂದ್ ಮಾಡುವ ವಾಲ್ವು ಬಾಗಿಲ ಪಕ್ಕದಲ್ಲೇ ಇದೆ. ಸಿಲಿಂಡರನ್ನು ಒಳಗೇ ಇಡಬೇಕೆಂದು ನಿಮ್ಮ ಕಿರಿಮಗ ಕಾಡಸಿದ್ದನ ಹಟ. "ಹೊರಗಿಟ್ರ ಕಳ್ಳರು ಒಯ್ಯಂಗಿಲ್ಲೇನ್ರಿ?" ಎಂದವನಿಗೆ ದಾದಾಸಾಬ, "ಹೊರಗಿಟ್ರ ಸಿಲಿಂಡರ್ ಒಂದs ಹೋಕ್ಕೈತಿ, ಒಳಗಿಟ್ರ ಛಾವಣಿ ಹೋಕ್ಕೈತಿ. ಯಾವ್ದು ಬೇಕ್ ಹೇಳು ಮಾಲಕಾ," ಎಂದರು. ನೆಲದ ಮಟ್ಟದಲ್ಲಿ ಗೋಡೆಗೆ ಜಾಲಿಯ ಕಿಂಡಿಗಳನ್ನೂ ಬಿಡಿಸಿದ್ದಾರೆ. ಕಿಟಕಿ ಸಾಲದೇ ಎಂದು ಎಲ್ಲರೂ ಕೇಳಿದರು. ನಾನು ಕೇಳಲಿಲ್ಲ. ಚಿಕ್ಕೋಡಿ ಕಾಲೇಜಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ: ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇಳುವುದಿಲ್ಲ, ಚೆಲ್ಲಿದ ನೀರಿನಂತೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಆಗ ಅದು ಬರೀ ಎರಡು ಅಂಕದ ಉತ್ತರವಾಗಿತ್ತು. ಈಗ ನಮ್ಮ ಅಡುಗೆಮನೆಯ ನೆಲದ ಮೇಲೆ ಮಗಳು ಹರಿದಾಡುತ್ತಾಳೆ.

ಗುರುವಾರ ನಡೆದದ್ದನ್ನು ನಿಮ್ಮ ಗಂಡುಮಕ್ಕಳಿಬ್ಬರೂ ನಿಮಗೆ ಬರೆಯುವುದಿಲ್ಲ. ಅಂದು ಪೈಪು ಪರೀಕ್ಷೆ. ಶುರುಮಾಡುವ ಮೊದಲು ದಾದಾಸಾಬ, "ಹಳೀ ಒಲಿ ಆರೈತಿಲ್ರಿ?" ಎಂದು ಕೇಳಿದರು. ಹೌದೆಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಹೊಗೆಯಿಲ್ಲ, ಉರಿಯಿಲ್ಲ, ಒಲೆಯ ಮೇಲೆ ಗಡಿಗೆ ಬೋರಲಾಗಿತ್ತು. ಅವರು ವಾಲ್ವನ್ನು ತುಸುವೇ ತೆರೆದು, ಸಾಬೂನಿನ ನೊರೆಯನ್ನು ಸಂದಿಗಳಿಗೆ ಹಚ್ಚುತ್ತ ಬಂದರು. ಒಂದು ಸಂದಿಯಲ್ಲಿ ಗುಳ್ಳೆಗಳು ಬುಸುಬುಸು ಎದ್ದವು, ವಾಸನೆಯೂ ಬಂತು. ಅಷ್ಟರಲ್ಲಿ ಕೂಸು ಹೊಸ್ತಿಲು ದಾಟಿ ಒಳಗೆ ಬಂದುಬಿಟ್ಟಳು. ಎತ್ತಿಕೊಳ್ಳಲು ಬಗ್ಗಿದಾಗ ನನ್ನ ಕೈ ಆ ಗಡಿಗೆಗೆ ತಾಗಿತು. ಚುರುಕ್ ಎಂದಿತು. ಬೂದಿಯ ಕೆಳಗೆ ನಿಗಿನಿಗಿ ಕೆಂಡ!

ನಾನು ಕಿರುಚಿದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿತಂತೆ. ದಾದಾಸಾಬ ವಾಲ್ವು ಬಂದ್ ಮಾಡಿ ಎಲ್ಲರನ್ನೂ ಅಂಗಳಕ್ಕೆ ದಬ್ಬಿದರು. "ಆರೈತಿ ಅಂದ್ರೆಲ್ಲಾ!" ಎಂದು ಅವರು ಕೂಗಿದರೆ ಕಾಡಸಿದ್ದ ಮುಖ ಪೆಚ್ಚು ಮಾಡಿಕೊಂಡು, "ಉರಿ ಎಲ್ಲೈತ್ರಿ? ಬರೇ ಮುಚ್ಚಿಟ್ಟೇನಿ. ಅವ್ವ ಮುಚ್ಚಿಡು ಅಂತ ಹೇಳ್ಯಾಳ," ಎಂದ. ಅವನ ತಪ್ಪೇನು? ನಮ್ಮಲ್ಲಿ ಮುಚ್ಚಿದ ಕೆಂಡವನ್ನು ಬೆಂಕಿಯೆಂದು ಯಾರು ಎಣಿಸುತ್ತಾರೆ? ಅದು ಮಲಗಿದ ಬೆಂಕಿ, ಬೆಳಿಗ್ಗೆ ಎಬ್ಬಿಸಿದರಾಯಿತು. ದಾದಾಸಾಬ ಹಣೆ ಒರೆಸಿಕೊಂಡು, "ನಮ್ಮ ಮನ್ಯಾಗ ಜನ್ನತಬೀನೂ ಹಂಗs ಮುಚ್ಚಿಡ್ತಾಳ. ನಾನರ ಮುಟ್ಟಿ ನೋಡಬೇಕಿತ್ತು," ಎಂದರು. ಸಂದಿಯನ್ನು ಆಮೇಲೆ ಬಿಗಿ ಮಾಡಿದರು, ಆದರೆ ಪರೀಕ್ಷೆ ಪೂರ್ತಿಯಾಗಿಲ್ಲ. ಒಳಗೆ ಕೆಂಡ ಇರುವ ತನಕ ವಾಲ್ವು ತೆರೆಯುವುದಿಲ್ಲವೆಂದು ಹೇಳಿ ಮಿರಜಕ್ಕೆ ಹೋದವರು ಇನ್ನೂ ಬಂದಿಲ್ಲ.

ಅಂದಿನಿಂದ ಕೆಲಸ ನಿಂತಿದೆ; ಗ್ಯಾಸೂ ಇಲ್ಲ, ಪೈಪಿನ ಪಕ್ಕದಲ್ಲಿ ಹಳೆ ಒಲೆ ಉರಿಸಲೂ ಧೈರ್ಯವಿಲ್ಲ. ದ್ರಾಕ್ಷಿ ಕೊಯ್ಲಿನ ಕಾಲ, ಪೆಟ್ಟಿಗೆ ಕಟ್ಟುವವರೂ ಲಾರಿಯವರೂ ಬಂದು ಮುಚ್ಚಿದ ಬಾಗಿಲು ನೋಡಿ ಹೋಗುತ್ತಾರೆ. ಆದರೂ ಒಲೆ ಆರಿಸಲು ಯಾರೂ ಒಪ್ಪುತ್ತಿಲ್ಲ. ಮಾವನವರು ತೀರಿಕೊಂಡ ವರ್ಷ ನೀವು ಜುಗೂಳಿನ ತವರಿನಿಂದ ಗಡಿಗೆಯಲ್ಲಿ ಕೆಂಡ ತಂದು ಹೊತ್ತಿಸಿದ ಒಲೆ. ಅದರ ಮುಂದೆ ರೊಟ್ಟಿ ಬಡಿದೇ ಮೂವರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಿರಿ. "ಅವ್ವನ ಒಲಿಗೆ ನೀರ್ ಹಾಕೂ ಕೈ ನಂದಲ್ಲ," ಎನ್ನುತ್ತಾರೆ ನಿಮ್ಮ ಹಿರಿಮಗ. ನೆರೆಯ ಗಿರಿಜವ್ವ ಬಂದು, "ಒಲಿ ಆರಿದ ಮನ್ಯಾಗ ಏನ್ ಉಳೀತೈತ್ಬೇ? ಸಾಲಿ ಕಲ್ತ ಸೊಸಿ ಬಂದ್ರ ಹಿಂಗs," ಎಂದು ನನಗೆ ಕೇಳುವಂತೆಯೇ ಹೇಳಿದಳು. ನನಗೂ ಆ ಒಲೆಯೆಂದರೆ ಕಲ್ಲುಮಣ್ಣಲ್ಲ, ಅತ್ತೆ. ಹೆರಿಗೆಯಾಗಿ ಬಂದ ದಿನ ನೀವು ಅದರ ಮುಂದೆ ಕೂತು ನನ್ನ ಬೆನ್ನು ಕಾಸಿದ್ದಿರಿ. ಆದರೆ ಕಣ್ಣು ಮುಚ್ಚಿದರೆ ಆ ಗುಳ್ಳೆಗಳೇ ಕಾಣುತ್ತವೆ. ಆದ್ದರಿಂದ ಕೇಳುತ್ತಿದ್ದೇನೆ: ಒಲೆ ಆರಿಸಿರೆಂದು ಒಂದು ಮಾತು ಹೇಳಿ ಕಳಿಸಿ. ನಿಮ್ಮ ಮಾತನ್ನು ನಿಮ್ಮ ಮಕ್ಕಳು ಮೀರುವುದಿಲ್ಲ.

ಸಾವಕ್ಕನ ಮಗುವಿಗೆ ನನ್ನ ಮುತ್ತು. ಅಳಿಯಂದಿರಿಗೆ ನಮಸ್ಕಾರ ತಿಳಿಸಿ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ ಸೊಸೆ,
ತಾರಾ

ತಾ.ಕ.: ಕಾಗದ ಮಡಚುವಾಗಲೇ ಕಾಡಸಿದ್ದ ನಟ್ಟು ತಿರುಗಿಸುವ ಪಾನಾ ಹಿಡಿದು, ಸಿಲಿಂಡರ್ ತೆರೆಯಲು ಹಿತ್ತಲಿಗೆ ಹೊರಟ. "ಆ ಸಾಬ ಬರೂತನಕ ಸುಗ್ಗೀನs ಮುಗೀತೈತಿ, ನಾನs ಹಚ್ತೀನಿ ವೈನಿ," ಎಂದ. ನಿಮ್ಮ ಹಿರಿಮಗ ಮನೆಯಲ್ಲಿಲ್ಲ. ತಡೆದೆ, ಕೇಳಲಿಲ್ಲ. ಕೂಸನ್ನು ಗಿರಿಜವ್ವನ ಕೈಗೆ ಕೊಟ್ಟು ಬಂದು ಒಲೆಗೆ ಕೊಡ ನೀರು ಸುರಿದುಬಿಟ್ಟೆ. ಅದು ಎಷ್ಟು ದೊಡ್ಡದಾಗಿ ಸದ್ದು ಮಾಡಿತೆಂದರೆ ಕಾಡಸಿದ್ದ ಪಾನಾ ಕೆಳಗೆ ಹಾಕಿ ಓಡಿ ಬಂದ. ಬೂದಿಯಲ್ಲಿ ಕೈಯಾಡಿಸಿ ನೋಡಿದೆ, ಎಲ್ಲೂ ಬಿಸಿಯಿಲ್ಲ. ಅಪ್ಪಣೆ ಕೇಳಿ ಬರೆದ ಕಾಗದವನ್ನು ಹರಿಯಲು ಮನಸ್ಸು ಬರಲಿಲ್ಲ, ಹಾಗೇ ಕಳಿಸುತ್ತಿದ್ದೇನೆ. ನಿಮ್ಮ ಮಕ್ಕಳನ್ನು ಏನೂ ಅನ್ನಬೇಡಿ. ಬಯ್ಯುವುದಿದ್ದರೆ ನನ್ನನ್ನೇ ಬಯ್ಯಿರಿ; ಕಾಗದದಲ್ಲಿ ಬೇಡ, ಇಲ್ಲಿಗೆ ಬಂದು ಬಯ್ಯಿರಿ.