ದನದ ಡಾಕ್ಟರ ಎಡಗಾಲು

ಮಾರ್ಚ್ ೧೮

ಮುದ್ದಿನ ಗುಬ್ಬಿಗೆ ಅಪ್ಪನ ಪ್ರೀತಿಯ ನೆನಪುಗಳು.

ನಿನ್ನ ಮೂರು ಪತ್ರಗಳೂ ಕೈಸೇರಿವೆ. ಉತ್ತರ ಬರೆಯದ ತಪ್ಪು ನನ್ನದೇ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಗಾಬರಿಯಾಗಬೇಡ, ನಿನ್ನೆ ಮನೆಗೆ ಬಂದೆ. ನಿನ್ನಮ್ಮ ಸಕ್ಕರೆ ಡಬ್ಬಿ ಅಡಗಿಸಿಟ್ಟಿದ್ದಾಳೆ, ಅದೊಂದು ಬಿಟ್ಟರೆ ಸುಖವಾಗಿದ್ದೇನೆ.

ಆದದ್ದು ಇಷ್ಟು. ಹಾಲಿನ ಅಜ್ಜಿಯ ಕರುವಿನ ಹೊಕ್ಕುಳಿಗೆ ಹುಳ ಬಿದ್ದಿತ್ತು. ಈ ವರ್ಷ ಆ ಹಸಿರು ನೊಣದ ಕಾಟ ವಿಪರೀತ. ಚಿಕ್ಕ ಗೀರು ಕಂಡರೂ ಸಾಕು, ಮೊಟ್ಟೆ ಇಟ್ಟು ಹೋಗುತ್ತದೆ. ಮರಿಹುಳಗಳು ತಲೆ ಒಳಗೆ, ಬಾಲ ಹೊರಗೆ ಮಾಡಿಕೊಂಡು ಜೀವಂತ ಮಾಂಸವನ್ನೇ ತಿನ್ನುತ್ತವೆ. ಅಜ್ಜಿ ನಾಚಿಕೆಪಟ್ಟು ಗಾಯಕ್ಕೆ ಬಟ್ಟೆ ಸುತ್ತಿಟ್ಟಿದ್ದಳು. ನನಗೆ ಪಿತ್ತ ನೆತ್ತಿಗೇರಿತು. "ಗಾಯ ಮುಚ್ಚಿಟ್ರೆ ವಾಸಿಯಾಗುತ್ತಾ? ಮೊದಲ ದಿನವೇ ತೋರಿಸೋಕೆ ಏನಾಗಿತ್ತು?" ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಚಿಮಟದಲ್ಲಿ ಒಂದೊಂದೇ ಹುಳ ಕಿತ್ತು, ತೊಳೆದು, ಮುಲಾಮು ಹಚ್ಚಿದೆ. ಕೈ ತೊಳೆಯುತ್ತಿದ್ದಾಗ ಅಜ್ಜಿ ಮೂಗು ಹಿಡಿದುಕೊಂಡು, "ಡಾಕ್ಟ್ರೇ, ಕರು ಕ್ಲೀನಾಯ್ತು, ವಾಸನೆ ಇನ್ನೂ ಹೋಗಿಲ್ವಲ್ಲ? ನೊಣ ಎಲ್ಲ ನಿಮ್ಮ ಬೂಟಿನ ಮೇಲೆ ಕೂತಿವೆ ನೋಡಿ" ಅಂದಳು.

ನನ್ನನ್ನು ಮಣೆಯ ಮೇಲೆ ಕೂರಿಸಿ, ಬೂಟು ಎಳೆದು, ಕಾಲುಚೀಲ ಬಿಚ್ಚಿದಳು. ಎಡ ಅಂಗಾಲಿನಲ್ಲಿ ಇಪ್ಪತ್ತಮೂರು ಹುಳ! ಗಾಯವಾಗಿ ಮೂರು ವಾರವಾಗಿತ್ತು, ನಾನು ಯಾರಿಗೂ ಹೇಳಿರಲಿಲ್ಲ. ಸಕ್ಕರೆ ಕಾಯಿಲೆಯ ಕಾಲು ನೋಡು, ನೋವೂ ಇರಲಿಲ್ಲ. "ಗಾಯ ಮುಚ್ಚಿಟ್ರೆ ವಾಸಿಯಾಗುತ್ತಾ ಡಾಕ್ಟ್ರೇ?" ಎಂದು ಅಜ್ಜಿ ನನ್ನ ಭಾಷಣವನ್ನು ನನಗೇ ಒಪ್ಪಿಸಿದಳು. ಅಕ್ಕಪಕ್ಕದವರೆಲ್ಲ ನೆರೆದಿದ್ದರು. ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು.

ಆಸ್ಪತ್ರೆಯಲ್ಲಿ ನಿನ್ನ ವಯಸ್ಸಿನ ಡಾಕ್ಟರಮ್ಮ, "ಇನ್ನೆರಡು ದಿನ ತಡವಾಗಿದ್ರೆ ಪಾದವೇ ಹೋಗ್ತಿತ್ತು ಸರ್" ಅಂದರು. ಸೋಂಕು ಹತ್ತಿದ್ದ ಕಾಲಿನ ಕಿರುಬೆರಳೊಂದನ್ನು ತೆಗೆದರು. ಅದರಿಂದ ನನಗೇನೂ ಉಪಕಾರವಿರಲಿಲ್ಲ ಬಿಡು. "ಗಾಯ ಹೇಗಾಯ್ತು?" ಎಂದು ಅವರೂ ಕೇಳಿದರು, ನಿನ್ನಮ್ಮನೂ ಕೇಳಿದಳು. ನೆನಪಿಲ್ಲ ಅಂದೆ. ನಿನ್ನಮ್ಮ ನಂಬಲಿಲ್ಲ.

ನೀನು ಹತ್ತು ಚಕ್ರದ ಲಾರಿಯನ್ನು ಇಕ್ಕಟ್ಟಿನ ಗೋದಾಮಿನಿಂದ ರಿವರ್ಸ್ ತೆಗೆದ ಸುದ್ದಿಯನ್ನು ಇಡೀ ವಾರ್ಡಿಗೆ ಓದಿ ಹೇಳಿದೆ. ನೋಡಲು ಬಂದಿದ್ದ ಅಜ್ಜಿ, "ಅಪ್ಪನಿಗೆ ಮುಂದಕ್ಕೇ ನಡೆಯೋಕೆ ಬರಲ್ಲ!" ಅಂದಳು. "ಲಾರಿ ಓಡಿಸೋಕೆ ಹೋಗೋದಾದ್ರೆ ಹೋಗು, ತಿರುಗಿ ನೋಡ್ಬೇಡ" ಎಂದು ನೀನು ಮನೆಯಿಂದ ಹೊರಟ ದಿನ ಗದರಿದ್ದವನು ನಾನೇ. ಮೂರು ಪತ್ರಗಳಲ್ಲೂ ನೀನು ಆ ಮಾತನ್ನು ಎತ್ತಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದಾರಿಯೆಲ್ಲ ನಿನಗೆ ಸಲೀಸಾಗಲಿ, ಬ್ರೇಕು ಸದಾ ನಿನ್ನ ಮಾತು ಕೇಳಲಿ.

ಒಂಬತ್ತು ಬೆರಳಿನ
ನಿನ್ನ ಅಪ್ಪ

ತಾ.ಕ.: ನಿನಗೊಬ್ಬಳಿಗೆ ಹೇಳುತ್ತೇನೆ. ಅವತ್ತು ನೀನು ಗೇಟು ದಾಟಿದ ಮೇಲೆ ನನಗೆ ಒಳಗೆ ನಿಲ್ಲಲಾಗಲಿಲ್ಲ. ಬರಿಗಾಲಲ್ಲೇ ನಿನ್ನ ಬಸ್ಸಿನ ಹಿಂದೆ ಓಡಿದೆ. ತಿರುವಿನಲ್ಲಿ ಗಾಜು ಚುಚ್ಚಿತು. ಗಾಯ ತೋರಿಸಿದರೆ ಓಡಿದ್ದನ್ನೂ ಹೇಳಬೇಕಾಗುತ್ತಿತ್ತು, ಅದಕ್ಕೇ ಮುಚ್ಚಿಟ್ಟೆ. ಹಿಂದಿನ ಸೀಟಿನಲ್ಲಿ ನಿನ್ನ ಜಡೆ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಅಪ್ಪನ ಒಂದು ಮಾತೂ ಕೇಳದ ನೀನು ಅದೊಂದನ್ನು ಕೇಳಿದೆ, ತಿರುಗಿ ನೋಡಲಿಲ್ಲ.