ನೀನು ಕೊಂಡಿಟ್ಟ ಪಂಜಾಬಿ ಕಥೆಗಳು

ಮಗಳೇ,

ಇವತ್ತು ಬೆಳಿಗ್ಗೆ ನಿನ್ನ ಗಂಡ ಬಂದಿದ್ದ. ನೀನು ತೀರಿಕೊಂಡ ಒಂಬತ್ತು ತಿಂಗಳಲ್ಲಿ ಇದೇ ಮೊದಲು. ಹೊಸ್ತಿಲಾಚೆಯೇ ನಿಂತು ಒಂದು ಪುಸ್ತಕ ಚಾಚಿದ. ಕನ್ನಡಕ್ಕೆ ಅನುವಾದವಾದ ಪಂಜಾಬಿ ಸಣ್ಣಕಥೆಗಳು.

"ಅವಳು ನಿಮಗೆ ಅಂತ ತಗೊಂಡಿದ್ಲು, ಅತ್ತೆ. ಆಸ್ಪತ್ರೆ ಬ್ಯಾಗಲ್ಲಿತ್ತು," ಎಂದ. ನೀನು ಕಲಿಸಿದ ಕನ್ನಡ ಇನ್ನೂ ಎಡವುತ್ತದೆ.

ಪುಸ್ತಕ ತೆಗೆದುಕೊಂಡು ಬಾಗಿಲು ಹಾಕಿದೆ. "ಆ ಪಂಜಾಬಿ ಹತ್ರ ನಾನೇನು ಮಾತಾಡ್ಲಿ?" ಎಂದು ನಿನ್ನ ಮದುವೆಗೇ ಬಾರದವಳಲ್ಲವೇ ನಾನು.

ಕೂತು ಓದಿದೆ. ಮೂರನೆಯ ಕಥೆಯಲ್ಲೂ ನನ್ನಂಥವಳೇ ಒಬ್ಬ ಹಟಮಾರಿ ತಾಯಿ. ಮೆಚ್ಚಿದವನನ್ನು ಮದುವೆಯಾದ ಮಗಳ ಮುಖವನ್ನೇ ನೋಡುವುದಿಲ್ಲ ಎಂದವಳು, ಏಳು ವರ್ಷದ ಮೇಲೆ ಬಸ್ಸು ಹತ್ತಿ ಅವಳ ಮನೆಗೆ ಹೋಗುತ್ತಾಳೆ. ಮಗಳು ಬಾಗಿಲು ತೆಗೆದು, "ಚಪ್ಪಲಿ ಒಳಗೇ ಬಿಡಮ್ಮ, ನಾಯಿ ಕಚ್ಕೊಂಡು ಹೋಗುತ್ತೆ," ಅನ್ನುತ್ತಾಳೆ. ಜಗಳವಿಲ್ಲ, ಕ್ಷಮೆಯಿಲ್ಲ, ಅಷ್ಟೇ. ಥೇಟ್ ನಿನ್ನ ಮಾತು. ನಕ್ಕುಬಿಟ್ಟೆ. ಆಮೇಲೆ ಅಳು ತಡೆಯಲಾಗಲಿಲ್ಲ.

ನಿನ್ನ ಗಂಡನಿಗೆ ಒಂದು ಲೋಟ ನೀರು ಬೇಕೇ ಎಂದೂ ಕೇಳಿರಲಿಲ್ಲ. ಬರಿಗಾಲಲ್ಲೇ ಬೀದಿಗೆ ಓಡಿ, ಬಂದಿದ್ದವನು ಎತ್ತ ಹೋದ ಎಂದು ಕೇಳಿದೆ. ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ, "ಅವರಾ? ತುಂಬ ಹೊತ್ತು ನಿಮ್ಮ ಗೇಟ್ ಹತ್ರಾನೇ ನಿಂತಿದ್ರು. ಈಗಷ್ಟೇ ಹೋದ್ರು. ಯಾರಮ್ಮ?" ಎಂದ.

"ನಮ್ಮ ಅಳಿಯ."

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಕೇಳಿಸಿಕೊಂಡವನು ದರ್ಜಿ.

ನಾನೇ ಹೋಗಿ ಬರೋಣವೆಂದರೆ, ನಿಮ್ಮ ಮನೆ ಯಾವ ಬೀದಿಯಲ್ಲಿದೆ ಎಂದು ನಿನ್ನನ್ನು ಒಮ್ಮೆಯೂ ಕೇಳಿರಲಿಲ್ಲ.

ಅಮ್ಮ