ಹಿಟ್ಟಿನ ಡಬ್ಬಿಯಲ್ಲಿ ಕತ್ತರಿ

ಅಕ್ಕಾ,

ನಾನು ಎದುರಿಗೇ ಕೂತಿರುವಾಗ ಈ ಕಾಗದ ಯಾಕೆ ಎಂದು ಕೇಳಬೇಡ. ಬಾಯಿಬಿಟ್ಟು ಹೇಳಲು ನಾಚಿಕೆ. ನೀನು ಕೆಲಸ ಮಾಡುವ ಬೇಕರಿಗೆ ಫೋನ್ ಮಾಡಿ ನಿನ್ನನ್ನು ಕರೆಸಿದ್ದು ಪಕ್ಕದ ಮನೆ ಅಜ್ಜಿ. ನೀನು ಬರುವ ತನಕ ನನ್ನ ಬಳಿಯಿಂದ ಕದಲುವುದಿಲ್ಲವಂತೆ. ಬರೆದು ಮುಗಿಸಿದ ಮೇಲೆ ನಾನು ಬಟಾಣಿ ಸುಲಿದುಕೊಡಬೇಕಂತೆ.

ನನ್ನ ಕತ್ತರಿಯನ್ನು ನೀನು ರಾತ್ರಿ ಎಲ್ಲಿ ಬಚ್ಚಿಡುತ್ತಿದ್ದೆ ಎಂದು ಮೊದಲಿನಿಂದಲೂ ಗೊತ್ತಿತ್ತು. ಹಿಟ್ಟಿನ ಡಬ್ಬಿಯಲ್ಲಿ! ದರ್ಜಿಯ ಕತ್ತರಿ ಅದು ಮಹಾತಾಯಿ, ಎಷ್ಟು ಒರೆಸಿದರೂ ಸಂದಿಯಲ್ಲಿ ಹಿಟ್ಟು ಉಳಿಯುತ್ತಿತ್ತು. ವಕೀಲರ ಕರಿ ಕೋಟಿನ ಮೇಲೆ ಬಿಳಿ ಗೆರೆ ಬಿದ್ದಾಗ "ಸೀಮೆಸುಣ್ಣ ಸಾರ್, ಕೊಡವಿದ್ರೆ ಹೋಗತ್ತೆ" ಅಂದಿದ್ದೆ. ಆಸ್ಪತ್ರೆಯಿಂದ ಬಂದಾಗಿನಿಂದ ಈ ನಿನ್ನ ಕಾವಲಿಗೆ ಒಳಗೊಳಗೇ ಕುದಿಯುತ್ತಿದ್ದೆ. ಹೋದ ವಾರ ಅದು ಉಕ್ಕಿತು. "ಕಳ್ಳನ್ನ ಕಾಯೋ ಹಾಗೆ ಎಷ್ಟು ದಿನ ಕಾಯ್ತೀಯಾ? ನಾನು ಹುಷಾರಾಗಿದೀನಿ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ನೀನು ಕತ್ತರಿ ತಂದು, ಹಿಟ್ಟು ಒರೆಸಿ ಹೊಲಿಗೆ ಮಿಷನ್ನಿನ ಮೇಲಿಟ್ಟೆ. ಅದನ್ನು ನೆನೆದರೆ ಮುಖ ಎಲ್ಲಿಟ್ಟುಕೊಳ್ಳಲಿ?

ಅದಾದ ಮೇಲೆ, ನನಗೊಬ್ಬನಿಗೇ ಕೇಳಿಸುವ ಆ ದನಿಗಳು ಮತ್ತೆ ಬಂದವು. "ನೀನು ಅಕ್ಕನ ಕೊರಳಿಗೆ ಕಟ್ಟಿದ ಕಲ್ಲು, ಅವಳನ್ನು ಬಿಟ್ಟು ಹೋಗು" ಅನ್ನುತ್ತವೆ.

ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದ ಮೇಷ್ಟ್ರು ನೆನಪಿದ್ದಾರಾ? ಅವರಿಗೂ ನನ್ನದೇ ಕಾಯಿಲೆ, ಸ್ಕಿಜೋಫ್ರೀನಿಯಾ. ಹುಷಾರಾಗಿ ಮನೆಗೆ ಹೋದವರು ಆತ್ಮಹತ್ಯೆ ಮಾಡಿಕೊಂಡರು. "ಚೆನ್ನಾಗೇ ಇದ್ರಲ್ಲಾ" ಅಂದರು ಎಲ್ಲರೂ. ಡಾಕ್ಟರಮ್ಮ ಮಾತ್ರ ನನ್ನನ್ನು ಕೂರಿಸಿಕೊಂಡು, "ಈ ಕಾಯಿಲೆಯಲ್ಲಿ ಆ ಅಪಾಯ ಜಾಸ್ತಿ ಕಣಪ್ಪ. ಮನೆಗೆ ಹೋದ ಮೇಲೂ ಇರತ್ತೆ. ಸಾಯೋ ಯೋಚನೆ ಬಂದ್ರೆ ಅವತ್ತೇ ಬಾ, ನಾಚ್ಕೋಬೇಡ" ಅಂದಿದ್ದರು. ಆಗ ದೊಡ್ಡದಾಗಿ ತಲೆಯಾಡಿಸಿದ್ದೆ. ದನಿಗಳು ಬಂದಾಗ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಷ್ಟು ಕೂಗಾಡಿದವನು ಯಾವ ಮುಖ ಹೊತ್ತು ನಿನ್ನ ಹತ್ತಿರ ಬಂದು, ನೀನೇ ಸರಿ ಅನ್ನಲಿ?

ಇವತ್ತು ಬಟ್ಟೆ ಕತ್ತರಿಸುವಾಗ ನನ್ನ ಕೈಯನ್ನು ನಾನೇ ನಂಬಲಾಗಲಿಲ್ಲ. ಹೆದರಿದೆ ಅಕ್ಕಾ. ನನಗೆ ಸಾಯಲು ಇಷ್ಟವಿಲ್ಲ. ಕತ್ತರಿಯನ್ನು ಹಿಟ್ಟಿನಲ್ಲಿ ಹೂತು, ಡಬ್ಬಿ ಸಮೇತ ಅಜ್ಜಿಗೆ ಕೊಟ್ಟೆ. "ಹಿಟ್ಟು ಕಡ ಕೇಳೋರನ್ನ ನೋಡಿದೀನಿ, ಡಬ್ಬಿನೇ ತಂದುಕೊಡೋನನ್ನ ಇವತ್ತೇ ನೋಡಿದ್ದು" ಅಂದರು. ಆಮೇಲೆ ನನ್ನ ಮುಖ ನೋಡಿ ಫೋನ್ ಎತ್ತಿಕೊಂಡರು.

ಇನ್ನು ಮುಂದೆ ಬಚ್ಚಿಡುವುದಾದರೆ ನನ್ನೆದುರೇ ಬಚ್ಚಿಡು. ಸಾಯೋ ಯೋಚನೆ ಬಂತಾ ಎಂದು ನೇರವಾಗಿ ಕೇಳು. ನಾನು ಸಿಡುಕಿದರೂ ಕೇಳು.

ನೀನು ನೂರು ಕಾಲ ಬಾಳು. ಅಷ್ಟು ಕಾಲವೂ ನಿನ್ನ ಹತ್ತಿರ ಬೈಸಿಕೊಳ್ಳಲು ನಾನಿರಬೇಕು. ಓದಿ ಆಯಿತಲ್ಲ, ಈಗ ಚಪ್ಪಲಿ ಬಿಚ್ಚಬೇಡ, ಆಸ್ಪತ್ರೆಗೆ ಹೋಗೋಣ. ಅಜ್ಜಿ ಬೈದರೂ ನಾನು ಅವರ ಮನೆಯೊಳಗೇ ಚಪ್ಪಲಿ ಹಾಕಿಕೊಂಡು ಕೂತಿದ್ದೇನೆ.

ನಿನ್ನ ತಮ್ಮ